ಎಂಜೈಮ್ ಇದ್ದರೂ ಲಿಟರ್ ಒದ್ದೆ, ಕೋಳಿ ಹಗುರ: ದೋಷ ಹುಡುಕುವ ಕ್ರಮ

ಜೂನ್ ಮಧ್ಯದಿಂದ ಆಟಿ ತಿಂಗಳು ಮುಗಿಯುವವರೆಗೆ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಬ್ರಾಯ್ಲರ್ ಶೆಡ್‌ಗಳಿಂದ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. ಹಿಕ್ಕೆ ನೀರಾಗಿದೆ, ಲಿಟರ್ (ನೆಲಕ್ಕೆ ಹಾಸಿದ ಹುಡಿ) ಹೆಂಟೆಗಟ್ಟಿದೆ, ಮೆಕ್ಕೆಜೋಳದ ಚೂರು ಅರಗದೆ ಹೊರಬೀಳುತ್ತಿದೆ, ನಾಲ್ಕನೇ ವಾರದ ತೂಕ ಹೋದ ಬ್ಯಾಚಿಗಿಂತ ಕಡಿಮೆ. ದೂರಿನ ಬೆನ್ನಿಗೇ ತೀರ್ಪೂ ಬಂದುಬಿಡುತ್ತದೆ: ‘ಈ ಸಲದ ಫೀಡಿನಲ್ಲಿ ಎಂಜೈಮ್ ಇಲ್ಲ.’ ಇಲ್ಲವೇ, ‘ಅಂಗಡಿಯವರು ಕೊಟ್ಟ ಎಂಜೈಮ್ ಪುಡಿಯನ್ನು ನೀರಿಗೂ ಹಾಕಿದೆ, ಏನೂ ಆಗಲಿಲ್ಲ.’

ಎರಡೂ ನಿಜವಾಗಿರಬಹುದು. ಆದರೂ ಎಂಜೈಮನ್ನು, ಅಂದರೆ ಆಹಾರ ಅರಗಲೆಂದು ಫೀಡಿಗೆ ಸೇರಿಸುವ ಜೀರ್ಣಕಾರಕವನ್ನು, ಸಂಶಯಿಸುವುದು ತಪಾಸಣೆಯ ಕೊನೆಯ ಮೆಟ್ಟಿಲಾಗಬೇಕು. ನೀರು, ಉಪ್ಪು, ಕಾಕ್ಸಿಡಿಯಾ (ಕರುಳಿನ ಪರಾವಲಂಬಿ), ಬೂಷ್ಟು ಇವನ್ನೆಲ್ಲ ಒಂದು ಬೆಳಗಿನಲ್ಲಿ ಶೆಡ್ಡಿನೊಳಗೇ ನೋಡಿ ಮುಗಿಸಬಹುದು. ಎಂಜೈಮ್ ಬದುಕಿದೆಯೋ ಸತ್ತಿದೆಯೋ ಎಂಬುದು ಪ್ರಯೋಗಾಲಯಕ್ಕೆ ಹೋಗದೆ ತಿಳಿಯುವುದಿಲ್ಲ. ಮರಿ, ಫೀಡ್ ಎರಡನ್ನೂ ಕಂಪನಿಯಿಂದ ಪಡೆದು ಸಾಕುವವರೇ ನಮ್ಮಲ್ಲಿ ಹೆಚ್ಚು. ಅವರಿಗೆ ಫೀಡಿನ ಸೂತ್ರದ ಮೇಲೆ ಹಿಡಿತವಿಲ್ಲ. ಹಾಗಿರುವಾಗ ತಮ್ಮ ಕೈಯಲ್ಲಿರುವುದನ್ನು ಮೊದಲು ನೋಡುವುದೇ ಜಾಣತನ.

ಯಾವ ಎಂಜೈಮ್ ಸೋತರೆ ಏನು ಕಾಣುತ್ತದೆ

ಪ್ರತಿ ಎಂಜೈಮ್ ಒಂದು ನಿರ್ದಿಷ್ಟ ವಸ್ತುವನ್ನಷ್ಟೇ ಒಡೆಯುತ್ತದೆ. ಆ ವಸ್ತು ಫೀಡಿನಲ್ಲಿ ಇಲ್ಲದಿದ್ದರೆ ಎಂಜೈಮಿಗೆ ಕೆಲಸವೇ ಇಲ್ಲ. ಆದ್ದರಿಂದ ಪೊಟ್ಟಣದ ಮೇಲಿನ ‘ಮಲ್ಟಿ ಎಂಜೈಮ್’ ಎಂಬ ದಪ್ಪ ಅಕ್ಷರಗಳಿಗಿಂತ ಮೊದಲು ಫೀಡಿನಲ್ಲಿ ಏನೇನು ಬಿದ್ದಿದೆ ಎಂದು ಕೇಳಿಕೊಳ್ಳಿ.

ಕ್ಸೈಲನೇಸ್ ಒಡೆಯುವುದು ಧಾನ್ಯದ ನಾರಿನಲ್ಲಿರುವ ಅರಬಿನೋಕ್ಸೈಲಾನನ್ನು. ಗೋಧಿಯಲ್ಲಿ ಇದರ ಕರಗುವ ಭಾಗ ಹೆಚ್ಚು. ಅದು ಕರುಳಿನೊಳಗೆ ಅಂಟಾಗಿ, ಜೀರ್ಣರಸ ಆಹಾರಕ್ಕೆ ತಲುಪದಂತೆ ಮಾಡುತ್ತದೆ. ಅಂಥ ಫೀಡಿನಲ್ಲಿ ಕ್ಸೈಲನೇಸ್ ಸತ್ತರೆ ಹಿಕ್ಕೆ ಅಂಟಂಟಾಗುತ್ತದೆ, ಮರಿಯ ಗುದದ್ವಾರಕ್ಕೆ ಮೆತ್ತಿಕೊಳ್ಳುತ್ತದೆ. ಮೆಕ್ಕೆಜೋಳದಲ್ಲಿರುವುದು ಬಹುಪಾಲು ಕರಗದ ಬಗೆ. ಹಾಗಾಗಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಯ ಫೀಡಿನಲ್ಲಿ ಕ್ಸೈಲನೇಸ್ ಇಲ್ಲದ ಕಾರಣಕ್ಕೆ ಹಿಕ್ಕೆ ನೀರಾಗಿ ಹರಿಯುವುದಿಲ್ಲ. ಮೆಕ್ಕೆಜೋಳದ ದರ ಏರಿದಾಗ ಗೋಧಿ, ನುಚ್ಚು, ಸಜ್ಜೆ, ತೌಡು ಒಳಗೆ ಬರುವುದುಂಟು. ಗೋಧಿ ಬಂದಿದೆಯೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಮನ್ನನೇಸ್‌ಗೆ ಕೆಲಸ ಸಿಗುವುದು ಸೋಯಾ, ಕೊಬ್ಬರಿ ಹಿಂಡಿ ಮತ್ತು ಗೋರಿಕಾಯಿ ಬೀಜದ ಹಿಂಡಿಯಲ್ಲಿ. ಊರಿನ ಎಣ್ಣೆ ಗಿರಣಿಯಿಂದ ಕೊಬ್ಬರಿ ಹಿಂಡಿ ಅಗ್ಗಕ್ಕೆ ಸಿಗುತ್ತದೆಂದು ಸ್ವಂತ ಫೀಡಿಗೆ ಧಾರಾಳವಾಗಿ ಸುರಿಯುವವರಿದ್ದಾರೆ. ಅದರ ನಾರಿನ ಬಹುಭಾಗ ಮನ್ನನೇಸ್ ಒಡೆಯುವ ಮನ್ನಾನ್; ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಮನ್ನನೇಸ್ ಹಾಕಿದರೂ ಲೈಸಿನ್ ಎಲ್ಲಿಂದಲೋ ಹುಟ್ಟಿಬರುವುದಿಲ್ಲ.

ಪ್ರೋಟೀನ್ ಒಡೆಯುವ ಪ್ರೋಟಿಯೇಸ್ ವಿಷಯದಲ್ಲಿ ನೋಡಬೇಕಾದದ್ದು ಸೋಯಾ ಹಿಂಡಿ ಸರಿಯಾಗಿ ಬೆಂದಿದೆಯೇ ಎಂಬುದನ್ನು. ಯೂರಿಯೇಸ್ ಪರೀಕ್ಷೆಯಲ್ಲಿ ಪಿಎಚ್ ಏರಿಕೆ 0.05ರಿಂದ 0.20ರೊಳಗೆ ಇದ್ದರೆ ಹಿಂಡಿ ಸರಿ. ಅದಕ್ಕಿಂತ ಬಹಳ ಮೇಲೆ ಹೋದರೆ ಹಿಂಡಿ ಹಸಿ. ಪ್ರೋಟೀನ್ ಅರಗಿಸುವ ಟ್ರಿಪ್ಸಿನನ್ನು ತಡೆಯುವ ವಸ್ತು ಅದರಲ್ಲಿ ಉಳಿದಿದೆ. ಇಂಥ ಹಿಂಡಿಯನ್ನು ಹಿಂದಿರುಗಿಸಬೇಕೇ ಹೊರತು ಎಂಜೈಮ್ ಹಾಕಿ ಸುಧಾರಿಸಲು ಹೋಗಬಾರದು.

ಧಾನ್ಯದ ರಂಜಕ ಬಿಡಿಸುವ ಫೈಟೇಸ್ ಸೋತರೆ ಕೆಡುವುದು ಹಿಕ್ಕೆಯಲ್ಲ, ಕಾಲು. ಅದಕ್ಕೆ ಕೆಳಗೆ ಬೇರೆಯೇ ಜಾಗವಿದೆ.

ಪ್ರಮಾಣದ ಅಂದಾಜೂ ಬೇಕು. ನಾರು ಒಡೆಯುವ ಎಂಜೈಮ್‌ಗಳು ಚೆನ್ನಾಗಿ ಕೆಲಸ ಮಾಡಿದರೂ ಮೆಕ್ಕೆಜೋಳದ ಫೀಡಿನಲ್ಲಿ ಲಾಭ ಕೆಲವೇ ಪಾಯಿಂಟ್: 1.60 ಇದ್ದ ಎಫ್‌ಸಿಆರ್ (ಒಂದು ಕಿಲೋ ತೂಕ ಬರಲು ತಿಂದ ಫೀಡಿನ ಕಿಲೋ) 1.56 ಆದೀತು. ಎರಡು ಬ್ಯಾಚ್‌ಗಳ ನಡುವೆ ಮರಿಯ ಗುಣದಿಂದ, ಹವೆಯಿಂದ ಆಗುವ ವ್ಯತ್ಯಾಸವೇ ಅದಕ್ಕಿಂತ ದೊಡ್ಡದು. ಎಫ್‌ಸಿಆರ್ 1.60ರಿಂದ 1.85ಕ್ಕೆ ಜಿಗಿದಿದ್ದರೆ ಕಳ್ಳ ಬೇರೆಡೆ ಇದ್ದಾನೆ.

ನೀರು, ಉಪ್ಪು, ಪರದೆ

ಮೊದಲು ತೀರ್ಮಾನವಾಗಬೇಕಾದದ್ದು: ಒದ್ದೆಯಾಗಿರುವುದು ಹಿಕ್ಕೆಯೋ, ಲಿಟರೋ? ನಿಪ್ಪಲ್ (ಕೊಕ್ಕು ಒತ್ತಿದರೆ ನೀರು ಬಿಡುವ ಮೂತಿ) ಸಾಲಿನಿಂದ ದೂರದಲ್ಲಿ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಗಂಟೆ ಬಿಟ್ಟು ಅದರ ಮೇಲೆ ಬಿದ್ದ ಹಿಕ್ಕೆ ನೋಡಿ. ಗಟ್ಟಿ ಆಕಾರವಿದ್ದು ಮೇಲೆ ಬಿಳಿ ಯೂರಿಕ್ ಆಮ್ಲದ ಟೋಪಿ ಇದ್ದರೆ ಕರುಳು ನಿರಪರಾಧಿ. ಆಕಾರ ಸರಿಯಿದ್ದು ಸುತ್ತ ತಿಳಿನೀರು ಹರಡಿದ್ದರೆ ಹಕ್ಕಿ ಹೆಚ್ಚು ನೀರು ಕುಡಿಯುತ್ತಿದೆ. ಲೋಳೆ, ಕಿತ್ತಳೆ ಬಣ್ಣ, ಅರಗದ ಚೂರು ಕಂಡರೆ ಮಾತ್ರ ಕರುಳಿನ ಕಡೆ ತಿರುಗಿ. ನಡುನಡುವೆ ಕಾಣುವ ಕಂದು ಬಣ್ಣದ ಅಂಟಾದ, ಕೆಟ್ಟ ವಾಸನೆಯ ಹಿಕ್ಕೆ ಕುರುಡುಕರುಳಿನದು. ಅದು ಸಹಜವಾದದ್ದು, ಅದನ್ನು ನೋಡಿ ಔಷಧಿಗೆ ಓಡುವವರ ಸಂಖ್ಯೆ ಮಾತ್ರ ಕಡಿಮೆಯಿಲ್ಲ.

ಲಿಟರನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಉಂಡೆಯಾಗಿ ಉಳಿದರೆ ತೇವ ಅತಿಯಾಗಿದೆ. ಸಡಿಲವಾಗಿ ಬಿರಿದರೆ ಸರಿ. ಶೇ. 20ರಿಂದ 25ರ ತೇವ ಒಳ್ಳೆಯದು, 35 ದಾಟಿದರೆ ಪಾದ ಹುಣ್ಣಾಗುತ್ತದೆ, ಅಮೋನಿಯಾ ಏಳುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಈ 25 ಅನ್ನು ಕಾಯುವುದು ಸುಲಭವಲ್ಲ, ಒಪ್ಪುತ್ತೇನೆ. ತೆಂಗಿನ ನಾರಿನ ಹುಡಿ ನೀರನ್ನು ಚೆನ್ನಾಗಿ ಹೀರುತ್ತದೆ, ಆದರೆ ಹೀರಿದ್ದನ್ನು ಬೇಗ ಬಿಡುವುದಿಲ್ಲ. ಆರದ ಹುಡಿಯನ್ನು ಮಳೆಗಾಲದಲ್ಲಿ ಹಾಸಿದರೆ ಬ್ಯಾಚ್ ಶುರುವಾಗುವುದೇ ಒದ್ದೆಯಲ್ಲಿ. ಇರಚಲು ಬೀಳುತ್ತದೆಂದು ಪರದೆಯನ್ನು ಹಗಲಿಡೀ ಕೆಳಗಿಳಿಸಿಟ್ಟರೆ ಹಕ್ಕಿಗಳ ಉಸಿರಿನ ತೇವವೂ ಒಳಗೇ ಉಳಿಯುತ್ತದೆ. ಮಾಡಿನ ಇಳಿಜಾರನ್ನು ಹೊರಗೆ ಚಾಚಿ, ಪರದೆಯ ಮೇಲ್ಭಾಗವನ್ನು ತೆರೆದಿಡುವ ವ್ಯವಸ್ಥೆ ಮಾಡಿಕೊಳ್ಳಬೇಕು.

ನೀರಿನ ಲೆಕ್ಕ ಬರೆದಿಡಿ. ಒಂದು ಕಿಲೋ ಫೀಡಿಗೆ ಸುಮಾರು 1.8ರಿಂದ 2 ಲೀಟರ್ ನೀರು ಸಹಜ, ಸೆಖೆಗೆ ಏರುತ್ತದೆ. 1,000 ಹಕ್ಕಿಗಳು ದಿನಕ್ಕೆ 100 ಕಿಲೋ ತಿನ್ನುವಾಗ 200 ಲೀಟರ್ ಹೋಗಬೇಕಾದಲ್ಲಿ 270 ಹೋಗುತ್ತಿದ್ದರೆ, ಒಂದೋ ನಿಪ್ಪಲ್ ಸೋರುತ್ತಿದೆ, ಇಲ್ಲವೇ ಉಪ್ಪು ಹೆಚ್ಚಾಗಿದೆ. ನಿಪ್ಪಲಿನ ಕೆಳಗೆ ಅಳತೆ ಲೋಟ ಹಿಡಿದು ಒಂದು ನಿಮಿಷ ಒತ್ತಿ: ಮೂರನೇ ವಾರಕ್ಕೆ 40 ಮಿಲಿಲೀಟರ್, ನಾಲ್ಕನೇ ವಾರಕ್ಕೆ 50ರ ಆಸುಪಾಸು ಬಂದರೆ ಸಾಕು. ಹಕ್ಕಿ ಪಾದ ಊರಿ, ಕತ್ತು ಚಾಚಿ ಕುಡಿಯುವಷ್ಟು ಎತ್ತರ ಬೇಕು. ಕೆಳಗಿದ್ದರೆ ಕೊಕ್ಕಿನಿಂದ ಅರ್ಧ ನೀರು ನೆಲಕ್ಕೆ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಪೈಪಿನೊಳಗೆ ಕೆಂಪು ಲೋಳೆ ಕಟ್ಟಿ ನಿಪ್ಪಲಿನ ಪಿನ್ ಸರಿಯಾಗಿ ಕೂರುವುದಿಲ್ಲ. ಆಗ ಹನಿ ನಿಲ್ಲದು, ಲೋಳೆಯಲ್ಲಿ ಬ್ಯಾಕ್ಟೀರಿಯವೂ ಬೆಳೆಯುತ್ತದೆ. ಮುರಕಲ್ಲಿನ ನೆಲದ ಬಾವಿ ಮತ್ತು ಸುರಂಗದ ನೀರು ಸಾಮಾನ್ಯವಾಗಿ ತುಸು ಆಮ್ಲೀಯ. ಪಿಎಚ್ ಅಳೆಯದೆ ಅದರ ಮೇಲೆ ಅಂಗಡಿಯ ಆಸಿಡಿಫೈಯರ್ ಸುರಿದರೆ ಹಕ್ಕಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ. ಮಳೆಗಾಲದ ತೆರೆದ ಬಾವಿಗೆ ಕ್ಲೋರಿನ್ ತಪ್ಪದು. ಅಳೆಯಬೇಕಾದದ್ದು ಟ್ಯಾಂಕಿಯಲ್ಲಲ್ಲ, ಸಾಲಿನ ಕೊನೆಯ ನಿಪ್ಪಲಿನಲ್ಲಿ.

ಇಲ್ಲೇ ಒಂದು ಮಾತು. ಕ್ಲೋರಿನ್ ಹಾಕಿದ ನೀರಿಗೆ ಎಂಜೈಮ್ ಪುಡಿ ಬೆರೆಸಿದರೆ ಕ್ಲೋರಿನ್ ಆ ಪ್ರೋಟೀನನ್ನೇ ಕೆಡಿಸುತ್ತದೆ. ನೀರಿಗೆ ಹಾಕಿದ ಎಂಜೈಮ್ ಕೆಲಸ ಮಾಡಲಿಲ್ಲ ಎಂಬ ದೂರಿಗೆ ಇದಕ್ಕಿಂತ ಆಚೆ ಹುಡುಕಬೇಕಾಗಿ ಬರುವುದು ಅಪರೂಪ.

ಉಪ್ಪಿನ ವಿಷಯದಲ್ಲಿ ಕರಾವಳಿಗೆ ತನ್ನದೇ ತೊಂದರೆಯಿದೆ. ಸ್ವಂತ ಫೀಡ್ ಬೆರೆಸುವವರು ಒಣಮೀನಿನ ಹುಡಿ ಹಾಕುತ್ತಾರೆ. ಉಪ್ಪು ಹಚ್ಚಿ ಒಣಗಿಸಿದ ಮೀನಿನಲ್ಲಿ ಶೇ. 10 ಉಪ್ಪಿದೆ ಎಂದುಕೊಳ್ಳಿ. ಅದನ್ನು ಶೇ. 8ರಷ್ಟು ಬೆರೆಸಿದರೆ ಅದರಿಂದಲೇ ಫೀಡಿಗೆ ಶೇ. 0.8 ಉಪ್ಪು, ಅಂದರೆ ಸುಮಾರು ಶೇ. 0.3 ಸೋಡಿಯಂ ಬಂತು. ಹಕ್ಕಿಗೆ ಬೇಕಾದದ್ದು ಒಟ್ಟಾರೆ ಶೇ. 0.2ರ ಆಸುಪಾಸು. ಇದರ ಮೇಲೆ ಸೂತ್ರದಲ್ಲಿದ್ದ ಅಡುಗೆ ಉಪ್ಪನ್ನೂ ಹಾಕಿದ್ದರೆ ಲಿಟರ್ ಒಣಗುವುದು ಹೇಗೆ? ಉಪ್ಪಳ, ಕುಂಬಳೆಯಂತಹ ಕಡಲ ಬದಿಯ ಊರುಗಳಲ್ಲಿ ಬಾವಿನೀರನ್ನೂ ನಾಲಗೆಗೆ ಹಚ್ಚಿ ನೋಡಿ.

ಹಕ್ಕಿಯನ್ನು ಕೊಯ್ದು ನೋಡುವಾಗ

ಸಾವು ಒಮ್ಮೆಲೇ ಏರಿದ್ದರೆ ಕೊಯ್ಯಬೇಡಿ, ಪಶುವೈದ್ಯರಿಗೆ ತಿಳಿಸಿ. ಕೇರಳದಲ್ಲಿ ಆಲಪ್ಪುಳದ ಕಡೆ 2014ರಿಂದ ಹಕ್ಕಿಜ್ವರ ಹಲವು ಸಲ ಕಾಣಿಸಿಕೊಂಡಿದೆ, ಇದರಲ್ಲಿ ಧೈರ್ಯ ತೋರಿಸಬೇಕಾದ್ದೇನಿಲ್ಲ. ಬರೀ ತೂಕ ಕುಂಠಿತವಾಗಿದ್ದರೆ, ವೈದ್ಯರ ಎದುರಿಗೇ ನಾಲ್ಕೈದು ಹಕ್ಕಿಗಳನ್ನು ನೋಡಿಸಿ. ಬೆಳಗ್ಗೆ ಸತ್ತು ಬಿದ್ದದ್ದಲ್ಲ, ಬೆಳವಣಿಗೆಯಲ್ಲಿ ಹಿಂದೆ ಬಿದ್ದಿದ್ದರೂ ಜೀವಂತವಿರುವುದನ್ನು ಆರಿಸಬೇಕು. ಸತ್ತು ಗಂಟೆಗಟ್ಟಲೆ ಕಳೆದ ಕರುಳು ಎಲ್ಲ ರೋಗಗಳಂತೆಯೂ ಕಾಣುತ್ತದೆ.

ಸಣ್ಣಕರುಳಿನ ಆರಂಭದಲ್ಲಿ ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಬಿಳಿ ಗೆರೆಗಳಿದ್ದರೆ ಕಾಕ್ಸಿಡಿಯಾದ ಒಂದು ಬಗೆಯಾದ ಐಮೇರಿಯಾ ಅಸರ್ವುಲಿನಾ. ನಡುಭಾಗ ಉಬ್ಬಿ ಒಳಗೆ ಕಿತ್ತಳೆ ಲೋಳೆಯಿದ್ದರೆ ಮ್ಯಾಕ್ಸಿಮಾ. ಕುರುಡುಕರುಳಿನಲ್ಲಿ ರಕ್ತವಿದ್ದರೆ ಟೆನೆಲ್ಲಾ. ಮೊದಲಿನೆರಡು ಹಕ್ಕಿಯನ್ನು ಕೊಲ್ಲದೆ ಕರುಳಿನ ಗೋಡೆಯನ್ನಷ್ಟೇ ಕೆಡಿಸುತ್ತವೆ. ಅರಗದ ಮೆಕ್ಕೆಜೋಳ ಹಿಕ್ಕೆಯಲ್ಲಿ ಕಾಣಲು ಮಳೆಗಾಲದ ಅತಿ ದೊಡ್ಡ ಕಾರಣ ಇವೇ. ಒದ್ದೆ ಲಿಟರಿನ ಬಿಸಿ ಮತ್ತು ತೇವದಲ್ಲಿ ಇವುಗಳ ಮೊಟ್ಟೆ ಒಂದೆರಡು ದಿನಗಳಲ್ಲೇ ಸೋಂಕು ಹರಡುವಷ್ಟು ಬಲಿಯುತ್ತದೆ. ಕೆಟ್ಟ ಕರುಳಿನಲ್ಲಿ ಹೀರದೆ ಉಳಿದ ಪ್ರೋಟೀನ್ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಕ್ಕೆ ಔತಣ. ಆಗ ಕರುಳು ಗಾಳಿ ತುಂಬಿ ತೆಳುವಾಗಿ, ಒಳಗೆ ಕಂದುಹಳದಿ ಪೊರೆ ಕಟ್ಟುತ್ತದೆ. ಇಲ್ಲಿ ಕಾಕ್ಸಿಡಿಯಾ ಔಷಧಿಯನ್ನು ವೈದ್ಯರೇ ನಿರ್ಧರಿಸಲಿ. ಫೀಡಿನಲ್ಲಿ ಕಾಕ್ಸಿಡಿಯಾ ತಡೆಯುವ ಸಾಲಿನೋಮೈಸಿನ್ ಅಥವಾ ಮೊನೆನ್ಸಿನ್ ಇರುವಾಗ ನೀರಿನಲ್ಲಿ ಟಿಯಾಮುಲಿನ್ ಆಂಟಿಬಯಾಟಿಕ್ ಕೊಟ್ಟರೆ ಹಕ್ಕಿಗೆ ವಿಷವಾಗುತ್ತದೆ. ಹಿಂದೆ ಇಂಥ ಹೊತ್ತಿನಲ್ಲಿ ಕೈ ಹಾಕುತ್ತಿದ್ದ ಕಾಲಿಸ್ಟಿನ್ ಆಂಟಿಬಯಾಟಿಕನ್ನು ಆಹಾರದ ಪ್ರಾಣಿಗಳಲ್ಲಿ ಬಳಸುವುದನ್ನು 2019ರ ಜುಲೈನಲ್ಲೇ ದೇಶದಾದ್ಯಂತ ನಿಷೇಧಿಸಲಾಗಿದೆ. ಹಳೆಯ ಡಬ್ಬಿ ಕಪಾಟಿನಲ್ಲಿ ಉಳಿದಿದ್ದರೆ ಅದನ್ನು ತೆರೆಯಬೇಡಿ.

ಪಿತ್ತಜನಕಾಂಗ (ಲಿವರ್) ಹಳದಿಯಾಗಿ ಉಬ್ಬಿದ್ದರೆ ಬೂಷ್ಟಿನ ವಿಷವಾದ ಅಫ್ಲಾಟಾಕ್ಸಿನ್ ಅನುಮಾನ. ಮೊದಲ ವಾರದ ಮರಿಯ ಪಿತ್ತಜನಕಾಂಗ ಹಳದಿಯಾಗಿರುವುದು ಮಾತ್ರ ಸಹಜ, ಅದು ಮೊಟ್ಟೆಯ ಭಂಡಾರದಿಂದ ಬಂದ ಕೊಬ್ಬು. ದಾವಣಗೆರೆ, ಹಾವೇರಿ ಕಡೆಯಿಂದ ಬಂದ ಮೆಕ್ಕೆಜೋಳದಲ್ಲಿ ಶೇ. 14ಕ್ಕಿಂತ ಹೆಚ್ಚು ತೇವವಿದ್ದು, ಅದು ನಮ್ಮ ಮುರಕಲ್ಲಿನ ಗೋಡೆಗೆ ಒರಗಿ ನಿಂತರೆ ಬೂಷ್ಟು ಖಚಿತ. ಅಫ್ಲಾಟಾಕ್ಸಿನ್ ಕೊಬ್ಬನ್ನು ಅರಗಿಸುವ ಪಿತ್ತರಸ, ಲೈಪೇಸ್‌ಗಳನ್ನೇ ಕುಂದಿಸುತ್ತದೆ. ಆಗ ಜಿಡ್ಡುಜಿಡ್ಡಾದ, ಮಾಸಲು ಹಿಕ್ಕೆ ಕಾಣುತ್ತದೆ. ಎಂಜೈಮ್ ಪೊಟ್ಟಣ ಇದಕ್ಕೆ ಮದ್ದಲ್ಲ.

ಕಾಲು ಸೋತ ಮರಿಗಳು

ಎರಡನೇ ವಾರದಿಂದ ಮರಿಗಳು ಮೊಣಗಂಟಿನ ಮೇಲೆ ಕೂರತೊಡಗಿದರೆ, ನೂಕಿದರೂ ನಾಲ್ಕು ಹೆಜ್ಜೆಗೆ ಮತ್ತೆ ಕುಳಿತರೆ, ಆಗ ಫೈಟೇಸನ್ನು ಗಂಭೀರವಾಗಿ ಸಂಶಯಿಸಬಹುದು. ಕೊಕ್ಕನ್ನು ಬೆರಳಲ್ಲಿ ಬಾಗಿಸಿ ನೋಡಿ: ರಬ್ಬರಿನಂತೆ ಬಾಗುತ್ತದೆಯೇ? ಕೊಯ್ದ ಹಕ್ಕಿಯ ಕಾಲಿನ ಮೂಳೆಯನ್ನು ಮುರಿಯಿರಿ. ಗಟ್ಟಿ ಮೂಳೆ ಟಕ್ಕನೆ ಸದ್ದು ಮಾಡಿ ಮುರಿಯುತ್ತದೆ. ಖನಿಜ ಕಡಿಮೆಯಿದ್ದದ್ದು ಹಸಿ ಕಡ್ಡಿಯ ಹಾಗೆ ಬಳುಕುತ್ತದೆ. ಪಕ್ಕೆಲುಬು ಬೆನ್ನುಮೂಳೆಗೆ ಸೇರುವಲ್ಲಿ ಮಣಿಯಂಥ ಗಂಟುಗಳಿದ್ದರೆ ಇನ್ನೊಂದು ಸಾಕ್ಷಿ. ಮೂಳೆ ಗಟ್ಟಿಯಿದ್ದು ತೊಡೆಮೂಳೆಯ ತಲೆ ಕೊಳೆತಿದ್ದರೆ, ಮೊಣಗಂಟು ಊದಿದ್ದರೆ ಅದು ಸೋಂಕು, ಫೈಟೇಸಿನ ಕಥೆಯಲ್ಲ.

ಇದು ಹೀಗೇಕೆ ಆಗುತ್ತದೆ? ಧಾನ್ಯ ಮತ್ತು ಹಿಂಡಿಗಳ ರಂಜಕದಲ್ಲಿ ಸುಮಾರು ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿ ಬಂಧಿಯಾಗಿರುತ್ತದೆ. ಕೋಳಿಯ ಕರುಳಿಗೆ ಅದನ್ನು ಬಿಡಿಸುವ ಶಕ್ತಿ ಬಹಳ ಕಡಿಮೆ. ಕಿಲೋ ಫೀಡಿಗೆ 500 ಎಫ್‌ಟಿಯು (ಫೈಟೇಸಿನ ಶಕ್ತಿಯ ಅಳತೆ) ಫೈಟೇಸ್ ಹಾಕಿದರೆ ಸಾಮಾನ್ಯವಾಗಿ ಶೇ. 0.12ರಿಂದ 0.15ರಷ್ಟು ರಂಜಕ ಬಿಡುಗಡೆಯಾಗುತ್ತದೆಂದು ಲೆಕ್ಕ ಹಿಡಿದು, ಫೀಡ್ ಮಿಲ್ಲಿನವರು ಟನ್ನಿಗೆ ಏಳೆಂಟು ಕಿಲೋ ಡಿಸಿಪಿಯನ್ನು (ರಂಜಕ ಕೊಡುವ ಡೈಕ್ಯಾಲ್ಸಿಯಂ ಫಾಸ್ಫೇಟ್) ಕಡಿತ ಮಾಡುತ್ತಾರೆ. ದುಡ್ಡು ಉಳಿಯುವುದು ಅಲ್ಲಿಯೇ. ಫೈಟೇಸ್ ಬದುಕಿದ್ದರೆ ಲೆಕ್ಕ ಸರಿ. ಸತ್ತರೆ ಡಿಸಿಪಿಯೂ ಇಲ್ಲ, ಬಿಡುಗಡೆಯೂ ಇಲ್ಲ. ಮರಿಯ ಮೂಳೆ ಸಾಲ ತೀರಿಸುತ್ತದೆ. ಇತರ ಎಂಜೈಮ್‌ಗಳನ್ನು ಲೆಕ್ಕ ಹಿಡಿಯದೆ ಹೆಚ್ಚುವರಿಯಾಗಿ ಹಾಕಿದ್ದರೆ, ಅವು ಸತ್ತರೂ ಹಕ್ಕಿ ಕೆಡುವುದಿಲ್ಲ, ಲಾಭವಷ್ಟೇ ತಪ್ಪುತ್ತದೆ. ಲೆಕ್ಕ ಹಿಡಿದು ಹಾಕಿದ್ದರೆ ಮಾತ್ರ ಸಾವಿಗೆ ಬೆಲೆಯಿದೆ. ಮೂರು ನಾಲ್ಕು ಎಂಜೈಮ್‌ಗಳು ತಂದುಕೊಡುವ ಶಕ್ತಿಯನ್ನು ಬಿಡಿಬಿಡಿಯಾಗಿ ಕೂಡಿಸಿ ಎಣ್ಣೆ ಕಡಿತ ಮಾಡುವ ಸೂತ್ರಗಳೂ ಇವೆ. ಅವು ಒಡೆಯುವ ವಸ್ತು ಭಾಗಶಃ ಒಂದೇ ಆದ್ದರಿಂದ ಲಾಭ ಹಾಗೆ ಕೂಡಿ ಬರುವುದಿಲ್ಲ.

ಕಾಲು ಸೋತ ಮರಿಗೆ ಊರೆಲ್ಲ ಕೊಡುವುದು ದ್ರವ ಕ್ಯಾಲ್ಸಿಯಂ. ರಂಜಕದ ಕೊರತೆಯಿರುವಾಗ ಇದು ಬೆಂಕಿಗೆ ತುಪ್ಪ. ಕ್ಯಾಲ್ಸಿಯಂ ಫೈಟೇಟನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕುತ್ತದೆ. ಬದುಕಿರುವ ಫೈಟೇಸಿಗೂ ಅದು ಎಟುಕುವುದಿಲ್ಲ. ಫೀಡಿನಲ್ಲಿ ಬಹಳ ನುಣ್ಣಗಿನ ಸುಣ್ಣಕಲ್ಲಿನ ಹುಡಿ ಹೆಚ್ಚಿದ್ದರೂ ಇದೇ ಫಲ. ಅದು ಜಠರದಲ್ಲಿ ಬೇಗ ಕರಗಿ, ಫೈಟೇಸ್ ಕೆಲಸ ಮಾಡಬೇಕಾದ ಆಮ್ಲವನ್ನೂ ತಗ್ಗಿಸುತ್ತದೆ. ವಿಟಮಿನ್ ಡಿ3 ಕೊರತೆಯಲ್ಲೂ ಮೂಳೆ ಹೀಗೆಯೇ ಬಳುಕುತ್ತದೆ. ವರದಿ ಬರುವ ತನಕ ನೀರಿನಲ್ಲಿ ಡಿ3 ಕೊಡುವುದಕ್ಕೆ ಅಡ್ಡಿಯಿಲ್ಲ. ಸ್ವಂತ ಫೀಡ್ ಬೆರೆಸುವವರು ಬಿಟ್ಟ ಡಿಸಿಪಿಯನ್ನು ಕೂಡಲೇ ಮರಳಿ ಸೇರಿಸಲಿ.

ಎಂಜೈಮ್ ಸಾಯುವ ಜಾಗಗಳು

ಹೆಚ್ಚಿನವು ಸಾಯುವುದು ಶಾಖಕ್ಕೆ. ಪೆಲೆಟ್ ಮಾಡುವ ಮೊದಲು ಕಂಡೀಷನರ್ ಯಂತ್ರದ ಹಬೆಯಲ್ಲಿ ಫೀಡನ್ನು 80–85 ಡಿಗ್ರಿಗೆ ಏರಿಸುತ್ತಾರೆ, ಸಾಲ್ಮೊನೆಲ್ಲಾ ಭಯವಿದ್ದರೆ ಇನ್ನೂ ಮೇಲೆ. ಲೇಪನವಿಲ್ಲದ ಎಂಜೈಮ್ 75–80 ದಾಟಿದ ಮೇಲೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಲೇಪನವಿರುವುದನ್ನು ಬಳಸಬೇಕು, ಇಲ್ಲವೇ ಪೆಲೆಟ್ ತಣಿದ ಮೇಲೆ ದ್ರವರೂಪದಲ್ಲಿ ಸಿಂಪಡಿಸಬೇಕು. ಕಂಪನಿಯ ಸೂಪರ್‌ವೈಸರ್ ಬಂದಾಗ ‘ಎಂಜೈಮ್ ಇದೆಯೇ’ ಎಂದು ಕೇಳಿದರೆ ‘ಇದೆ’ ಎಂಬುದೇ ಉತ್ತರ. ‘ಕಂಡೀಷನರಿನಲ್ಲಿ ಎಷ್ಟು ಡಿಗ್ರಿ, ಎಂಜೈಮ್ ಬೀಳುವುದು ಅದರ ಮೊದಲೋ ಆಮೇಲೋ’ ಎಂದು ಕೇಳಿ.

ಸ್ವಂತ ಫೀಡಿನವರಿಗೆ ಶಾಖದ ಭಯವಿಲ್ಲ, ಬೆರಕೆಯ ಭಯವಿದೆ. ಟನ್ನಿಗೆ 100 ಗ್ರಾಂ ಎಂದರೆ, ದಿನಕ್ಕೆ 40 ಗ್ರಾಂ ತಿನ್ನುವ ಹತ್ತು ದಿನದ ಮರಿಗೆ ಸಿಗಬೇಕಾದದ್ದು ನಾಲ್ಕು ಮಿಲಿಗ್ರಾಂ. ನೆಲದ ಮೇಲೆ ಸುರಿದು ಸಲಿಕೆಯಲ್ಲಿ ತಿರುವಿದರೆ ಕೆಲವು ಮರಿಗಳಿಗೆ ಹತ್ತು ಪಟ್ಟು, ಕೆಲವಕ್ಕೆ ಸೊನ್ನೆ. ಮೊದಲು ಒಂದು ಕಿಲೋ ಮೆಕ್ಕೆಜೋಳದ ಹಿಟ್ಟಿಗೆ, ಆಮೇಲೆ ಹತ್ತು ಕಿಲೋಗೆ, ಕೊನೆಗೆ ಮಿಕ್ಸರಿಗೆ ಹಾಕಬೇಕು. ಇನ್ನೊಂದು ಅಭ್ಯಾಸ, ಎಂಜೈಮನ್ನು ಕೋಲೀನ್ ಕ್ಲೋರೈಡ್ ಮತ್ತು ಖನಿಜಗಳ ಜೊತೆ ಬೆರೆಸಿ ತಿಂಗಳುಗಟ್ಟಲೆ ಇಡುವುದು. ಕೋಲೀನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳ ಗಾಳಿಯಲ್ಲಿ ಎಳೆಯಲು ತೇವಕ್ಕೇನು ಬರ! ಎಂಜೈಮ್ ಡಬ್ಬಿಯನ್ನು ಬೇರೆಯಾಗಿ, ಮುಚ್ಚಳ ಬಿಗಿದು, ತಂಪಿನಲ್ಲಿಡಿ. ಫೀಡ್ ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಪೇರಿಸಿ.

ಮಾದರಿ ಮತ್ತು ವರದಿ

ಪ್ರತಿ ಲೋಡು ಇಳಿದ ದಿನವೇ ಮಾದರಿ ತೆಗೆಯಿರಿ, ತೊಂದರೆ ಬಂದ ಮೇಲಲ್ಲ. ಹತ್ತಾದರೂ ಚೀಲಗಳ ನಡುವಿನಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, ಅರ್ಧ ಕಿಲೋದ ಎರಡು ಪೊಟ್ಟಣ ಮಾಡಿ, ಗಾಳಿಯಾಡದಂತೆ ಕಟ್ಟಿ, ತಯಾರಿಕೆಯ ದಿನಾಂಕ ಮತ್ತು ಬ್ಯಾಚ್ ಸಂಖ್ಯೆ ಬರೆಯಿರಿ. ಚೀಲದ ಚೀಟಿಯನ್ನು ಎಸೆಯಬೇಡಿ. ಒಂದು ಪೊಟ್ಟಣ ಪರೀಕ್ಷೆಗೆ. ಇನ್ನೊಂದು ನಿಮ್ಮಲ್ಲೇ ಇರಲಿ, ಮಾತಿಗೆ ಮಾತು ಬೆಳೆದರೆ ಬೇಕಾಗುತ್ತದೆ. ನಾಮಕ್ಕಲ್ ಪಶುವೈದ್ಯ ಕಾಲೇಜಿನಲ್ಲಿ ಕೋಳಿ ಆಹಾರ ಪರೀಕ್ಷಿಸುವ ಪ್ರಯೋಗಾಲಯವಿದೆ. ಕಳುಹಿಸುವ ಮೊದಲು ಯಾವ ಯಾವ ಪರೀಕ್ಷೆ ಮಾಡುತ್ತಾರೆಂದು ಫೋನ್ ಮಾಡಿ ಕೇಳಿಕೊಳ್ಳಿ.

ಫೈಟೇಸ್ ಪರೀಕ್ಷೆ ಆಗದಿದ್ದರೂ ಚಿಂತೆಯಿಲ್ಲ, ಒಟ್ಟು ರಂಜಕ ಮತ್ತು ಕ್ಯಾಲ್ಸಿಯಂ ಸಾಕಷ್ಟು ಹೇಳುತ್ತವೆ. ಮೆಕ್ಕೆಜೋಳ ಮತ್ತು ಸೋಯಾದ ಸ್ಟಾರ್ಟರಿನಲ್ಲಿ (ಎಳೆಮರಿಯ ಫೀಡ್) ಒಟ್ಟು ರಂಜಕ ಶೇ. 0.7ರ ಸುತ್ತ ಇದ್ದರೆ ಫೈಟೇಸನ್ನು ನಂಬಿ ಡಿಸಿಪಿ ಕಡಿತ ಮಾಡಿಲ್ಲ; ಕಾಲು ಸೋಲಲು ಬೇರೆ ಕಾರಣ ಹುಡುಕಿ. 0.55ರ ಸುತ್ತ ಇದ್ದರೆ ಫೀಡ್ ಪೂರ್ತಿಯಾಗಿ ಫೈಟೇಸಿನ ಮೇಲೆ ನಿಂತಿದೆ. ಆಗ ಫೈಟೇಸ್ ಅಂಕೆ ಬಂದೇ ತೀರಬೇಕು. ಆ ಅಂಕೆ ಓದುವಾಗಲೂ ಎಚ್ಚರ: ಗೋಧಿ ತೌಡಿನಲ್ಲಿ ತನ್ನದೇ ಫೈಟೇಸ್ ಇರುತ್ತದೆ, ಮೆಕ್ಕೆಜೋಳ, ಸೋಯಾಗಳಲ್ಲಿ ಹೇಳಿಕೊಳ್ಳುವಷ್ಟಿಲ್ಲ. ಇದರ ಜೊತೆಗೇ ಉಪ್ಪು, ತೇವ, ಅಫ್ಲಾಟಾಕ್ಸಿನ್ ಬಿ1 ಮೂರನ್ನೂ ಪರೀಕ್ಷಿಸಲು ಬರೆಯಿರಿ.

ವರದಿಗೆ ಕಾಯುವಷ್ಟು ದಿನ ಬ್ಯಾಚ್ ಉಳಿದಿಲ್ಲ ಎಂದಾದರೆ ಶೆಡ್ಡಿನ ಒಂದು ಮೂಲೆಯನ್ನು ಬಲೆಯಿಂದ ಎರಡು ಭಾಗ ಮಾಡಿ, ತೂಗಿದ 50–50 ಹಕ್ಕಿಗಳನ್ನು ಬಿಡಿ. ನೀರಿನ ಸಾಲು ಒಂದೇ ಇರಲಿ, ಲಿಟರ್ ಒಂದೇ ಇರಲಿ. ಒಂದು ಕಡೆ ಸಂಶಯದ ಫೀಡ್, ಇನ್ನೊಂದು ಕಡೆ ಬೇರೆ ದಿನಾಂಕದ ಅದೇ ದರ್ಜೆಯ ಫೀಡ್. ಏಳನೇ ದಿನ ಮತ್ತೆ ತೂಗಿ, ತಿಂದ ಫೀಡಿನ ಲೆಕ್ಕ ಬರೆಯಿರಿ. ಎರಡೂ ಕಡೆ ಒಂದೇ ತೂಕ ಬಂದರೆ ಫೀಡನ್ನು ಬಿಟ್ಟು ಮತ್ತೆ ನೀರಿನ ಸಾಲಿಗೆ ಹೋಗಬೇಕು. ಒಂದು ಕಡೆ ಎದ್ದು ಕಾಣುವಷ್ಟು ಹಿಂದೆ ಬಿದ್ದರೆ ತೂಕದ ಚೀಟಿ, ಚೀಲದ ಚೀಟಿ, ಮಾದರಿ ಮೂರನ್ನೂ ಇಟ್ಟುಕೊಂಡೇ ಕಂಪನಿಗೆ ಬರೆದು ತಿಳಿಸಿ, ಮತ್ತು ಹಕ್ಕಿ ಲಾರಿ ಹತ್ತುವ ಮೊದಲು ಅವರ ವೈದ್ಯರನ್ನು ಶೆಡ್ಡಿಗೆ ಕರೆಸಿಕೊಳ್ಳಿ.